ಅಳಿಸಿದ ಏಳು ಅಕ್ಷರ

ರೋಹಿಣಿ, ದೆಹಲಿ
9 ಸೆಪ್ಟೆಂಬರ್ 2004

ಈ ಕಾಗದ ಒಡೆದವರು ಯಾರೇ ಆಗಿರಲಿ, ಮೊದಲು ಬೈಸಿಕೊಳ್ಳಿ. ಧಾರಿಣಿಯ ಕೋಣೆಯ ಹುಡುಗಿಯರಾದರೆ, ಬೇರೆಯವರ ಕಾಗದಕ್ಕೆ ಕೈ ಹಾಕಿದ್ದಕ್ಕೆ ನಾಚಿಕೆಯಾಗಬೇಕು. ಗೇಟಿನ ಕಾವಲಿನವನಾದರೆ ನಿನಗೆ ಕನ್ನಡ ಬರುವುದಿಲ್ಲ, ಆದರೂ ಬೈಗುಳ ತಾಗುತ್ತದೆ, ಮಡಚಿ ಇಡು. ಧಾರಿಣಿಯೇ ಆಗಿದ್ದರೆ, ಏ ಹುಡುಗಿ, ನಿನಗೆ ಎರಡು ಪಾಲು. ಜುಲೈಯಲ್ಲಿ ಪೆಟ್ಟಿಗೆ ಎತ್ತಿಕೊಂಡು ನೋಯ್ಡಾಕ್ಕೆ ಹೋದವಳು ಎರಡು ತಿಂಗಳಲ್ಲಿ ಎರಡು ಸಾಲು ಬರೆಯಲಿಲ್ಲ. ಯಮುನೆ ದಾಟಿದರೆ ಸಿಗುವ ಊರಿಗೆ ಹೋಗಿ ಕುಳಿತು, ಸಮುದ್ರ ದಾಟಿದವರ ಹಾಗೆ ಆಡುತ್ತೀಯಲ್ಲ!

ಫೋನು ಮಾಡಿದ್ದೆ ಅನ್ನಬೇಡ. ನನ್ನ ಎಡಗಿವಿ ಪೂರ್ತಿ ಹೋಯಿತು, ಬಲಗಿವಿಗೆ ಬಾಯಿಟ್ಟು ಕೂಗಿದರೆ ಅಷ್ಟಿಷ್ಟು. ಫೋನು ನನ್ನ ಪಾಲಿಗೆ ಸೌದೆ ತುಂಡು. ಇದೇ ದೆಹಲಿಯಲ್ಲಿ ಹುಟ್ಟಿದ ನಿನ್ನನ್ನು ಅಡುಗೆಮನೆಯಲ್ಲಿ ಕೂರಿಸಿ, ಅಕ್ಕಿಯ ಮೇಲೆ ಬೆರಳಾಡಿಸಿ ಕನ್ನಡ ಕಲಿಸಿದ್ದು ಏತಕ್ಕೆ? ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಬರುವುದು ಅದೊಂದೇ. ಅದನ್ನು ನಿನಗೆ ಕೊಟ್ಟೆ. ಬಡ್ಡಿ ಬೇಡ, ಅಸಲಾದರೂ ಬರಲಿ.

ನಿನ್ನ ಚಿಕ್ಕಮ್ಮ ನಿನ್ನ ಹೆಸರೆತ್ತುವುದಿಲ್ಲ. ಎತ್ತಬೇಕೇಕೆ? ನಿನ್ನ ತಾಯಿ ತೀರಿಕೊಂಡಾಗ ನಿನಗೆ ಮೂರು ವರ್ಷ. ಮದುವೆ ಬೇಡವೆಂದು ನಿನ್ನನ್ನು ಸೊಂಟಕ್ಕೆ ಹಾಕಿಕೊಂಡವಳು ಸುಶೀಲಾ. ಮರೆತಿದ್ದರೆ ನೆನಪಿಸುತ್ತಿದ್ದೇನೆ. ಅವಳು ಕೇಳಿದ್ದಾದರೂ ಏನು? “ಅಷ್ಟು ದೂರ ಯಾಕೆ, ನಮ್ಮ ಆಫೀಸಿನಲ್ಲೇ ಕೇಳುತ್ತೇನೆ, ಅಲ್ಲೂ ಕಂಪ್ಯೂಟರ್ ಕೆಲಸವೇ ತಾನೇ” ಅಂದಳು. ಅದಕ್ಕೆ ನೀನು, “ನೀನು ಮಾಡೋದು ಕೆಲಸಾನಾ ಚಿಕ್ಕಮ್ಮಾ? ಕಾಗದದಲ್ಲಿ ಇರೋದನ್ನ ಸ್ಕ್ರೀನಿಗೆ ಹಾಕೋದು. ಮಷೀನೂ ಮಾಡತ್ತೆ” ಅಂದೆ. ನನ್ನ ಕಿವಿ ಕೆಟ್ಟದ್ದು ನಿಜ, ಆದರೆ ಆ ಮಾತು ಕೇಳಿಸಿತು. ಕೇಳಿಸದಿದ್ದರೂ ಅವಳ ಮುಖದ ಮೇಲೆ ಓದಿಕೊಳ್ಳುತ್ತಿದ್ದೆ.

ಈಚೆಗೆ ಅವಳು ಸ್ವಲ್ಪ ಗೆಲುವಾಗಿದ್ದಾಳೆ. ಓಖ್ಲಾದ ಅವಳ ಬಟ್ಟೆ ಕಾರ್ಖಾನೆಗೆ ಯಾರೋ ಬಂದು ಅವಳ ಯಂತ್ರಕ್ಕೆ ಏನೋ ಜೋಡಿಸಿ ಹೋಗಿದ್ದಾರಂತೆ. ಇನ್ನು ಮೇಲೆ ಅವಳು ಒತ್ತಿದ್ದೆಲ್ಲ ಅದರಲ್ಲಿ ದಾಖಲಾಗುತ್ತದಂತೆ. “ಹದಿನೆಂಟು ವರ್ಷದಲ್ಲಿ ಮೊದಲ ಸಲ ಕೇಳಿದ್ದಾರಮ್ಮಾ, ನೀವು ಹೇಗೆ ಮಾಡ್ತೀರಿ ಅಂತ. ಹೊಸಬರಿಗೆ ಕಲಿಸೋಕೆ ಇರಬೇಕು” ಎನ್ನುತ್ತಾಳೆ. ಬೆನ್ನು ನೆಟ್ಟಗೆ ಮಾಡಿಕೊಂಡು ಬಸ್ಸಿಗೆ ಹೋಗುತ್ತಿದ್ದಾಳೆ.

ನಿನ್ನ ಕೆಲಸವೇನು, ತಿನ್ನುವುದೇನು, ಎರಡನ್ನೂ ಬರೆ. ನನಗೆ ಅರ್ಥವಾಗುವುದಿಲ್ಲವೆಂದು ಬಿಡಬೇಡ, ಅದು ನನ್ನ ಪಾಡು.

ಇಂತಿ,
ನಿನ್ನ ಅಜ್ಜಿ


ನೋಯ್ಡಾ
3 ಅಕ್ಟೋಬರ್ 2004

ಅಜ್ಜಿಗೆ ಧಾರಿಣಿಯ ನಮಸ್ಕಾರಗಳು.

ಬೈಗುಳ ತಲುಪಿತು. ಗೇಟಿನ ಭಯ್ಯಾ “ಘರ್ ಸೇ ಆಯಾ ಹೈ”, ಮನೆಯಿಂದ ಬಂದಿದೆ ಅಂತ ಹಲ್ಲು ಬಿಟ್ಟುಕೊಂಡು ಕೊಟ್ಟ, ಅವನಿಗೇನೂ ತಾಗಿದ ಹಾಗೆ ಕಾಣಲಿಲ್ಲ. ನನ್ನ ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದು.

ತಿನ್ನುವುದು: ಮ್ಯಾಗಿ, ರಾಜ್ಮಾ, ಭಾನುವಾರ ಮೊಸರನ್ನ. ಬೈಯಬೇಡ.

ಕೆಲಸ: ಒಂದು ಕಂಪನಿಯಲ್ಲಿ ತುಂಬ ಹಳೆಯ ಪ್ರೋಗ್ರಾಂ ಇದೆ. ಅದು ಟರ್ಮಿನಲ್ ಜೊತೆ ಮಾತ್ರ ಮಾತಾಡುತ್ತದೆ. ಟರ್ಮಿನಲ್ ಅಂದರೆ ಚಿಕ್ಕಮ್ಮನ ಮೇಜಿನ ಮೇಲೆ ಇರುವಂಥದ್ದೇ, ಹಸಿರು ಅಕ್ಷರದ ಪರದೆ, ಒಂದು ಕೀಬೋರ್ಡು. ಈಗ ಹೊಸ ಪ್ರೋಗ್ರಾಂ ಒಂದು ಈ ಹಳೆಯದಕ್ಕೆ ಕೆಲಸ ಹೇಳಬೇಕು. ಆದರೆ ನೇರವಾಗಿ ಹೇಳಿದರೆ ಹಳೆಯದು ಸರಿಯಾಗಿ ಉತ್ತರ ಕೊಡುವುದಿಲ್ಲ. ಎದುರಿಗೆ ಪರದೆ ಇದೆಯಾ, ಯಾರಾದರೂ ಕೂತಿದ್ದಾರಾ ಅಂತ ನೋಡುತ್ತದೆ. ಇಲ್ಲ ಅಂತ ಗೊತ್ತಾದರೆ ಮಾತನ್ನೆಲ್ಲ ಒಳಗೇ ಹಿಡಿದಿಟ್ಟುಕೊಂಡು, ಗಂಟು ತುಂಬಿದ ಮೇಲೆ ಒಮ್ಮೆಲೇ ಸುರಿಯುತ್ತದೆ. ಅದಕ್ಕೇ ನಾವು ಒಂದು ಸುಳ್ಳು ಟರ್ಮಿನಲ್ ಮಾಡುತ್ತೇವೆ. ಪರದೆಯೂ ಇಲ್ಲ, ಕೀಲಿಯೂ ಇಲ್ಲ, ಬರೀ ಒಂದು ಕೊಳವೆಯ ಎರಡು ತುದಿ ಅಂದುಕೋ. ಒಂದು ತುದಿಯಲ್ಲಿ ಹಳೆಯ ಪ್ರೋಗ್ರಾಂ, ಇನ್ನೊಂದು ತುದಿಯಲ್ಲಿ ನಾನು ಬರೆದದ್ದು. ನನ್ನದು ಮನುಷ್ಯರ ಹಾಗೆ ಟೈಪ್ ಮಾಡುತ್ತದೆ. ಹಳೆಯದಕ್ಕೆ ಎದುರಿಗೆ ಯಾರೋ ಕೂತಿದ್ದಾರೆ ಅಂತಲೇ ನಂಬಿಕೆ. ನನ್ನ ತುದಿ ಮುಚ್ಚಿದರೆ ಮಾತ್ರ ಅದಕ್ಕೆ ಗೊತ್ತಾಗುತ್ತದೆ, ಎದ್ದು ಹೋದರು ಅಂತ. ಆಗ ಅದೂ ನಿಂತುಬಿಡುತ್ತದೆ.

ಕಷ್ಟ ಏನೆಂದರೆ ನನ್ನ ಪ್ರೋಗ್ರಾಂ ತೀರಾ ಬೇಗ ಟೈಪ್ ಮಾಡಿತು, ಹಳೆಯದು ಅರ್ಧ ಅಕ್ಷರ ನುಂಗಿತು. ಅದಕ್ಕೆ ನನ್ನ ಮೇಲಿನವರು, ರಜತ್ ಸರ್, ಅಲ್ಲಿಯ ನಿಜವಾದ ಆಪರೇಟರ್ ಒಬ್ಬರ ದಾಖಲೆ ತರಿಸಿಕೊಟ್ಟಿದ್ದಾರೆ. ಪರದೆಯ ಮೇಲೆ ಬಂದದ್ದೆಲ್ಲ ಅದರಲ್ಲಿದೆ, ತಪ್ಪಾಗಿ ಒತ್ತಿ ಅಳಿಸಿದ್ದು ಕೂಡ. ಎರಡು ಅಕ್ಷರದ ಮಧ್ಯೆ ಎಷ್ಟು ಹೊತ್ತು ತಡೆದರು ಅನ್ನುವುದೂ ಇದೆ. ಸದ್ಯ ಮಧ್ಯಾಹ್ನದ ಒಂದು ಗಂಟೆಯ ತುಂಡು ಮಾತ್ರ ಕೊಟ್ಟಿದ್ದಾರೆ. ಕಂಪನಿಯ ಹೆಸರು, ಆಪರೇಟರ ಹೆಸರು ಎಲ್ಲ ತೆಗೆದುಹಾಕಿದ್ದಾರೆ, ಬರೀ ‘ನಾಲ್ಕನೆಯ ಟರ್ಮಿನಲ್’ ಅಂತ ಇದೆ. ಆದರೆ ಆ ಮನುಷ್ಯ ಯಾರೋ ಜಾಣ, ಅಜ್ಜಿ. ಎಲ್ಲಿ ನಿಲ್ಲಬೇಕು, ಎಲ್ಲಿ ಓಡಬೇಕು ಅಂತ ಅವರಿಗೆ ಗೊತ್ತು. ಒಂದೂ ಅಕ್ಷರ ಕಳೆದುಹೋಗಿಲ್ಲ.

ಚಿಕ್ಕಮ್ಮನಿಗೆ
(ಇಲ್ಲಿ ಏನೋ ಬರೆಯಬೇಕೆಂದಿದ್ದೆ. ಇರಲಿ.)

ಧಾರಿಣಿ


ರೋಹಿಣಿ
30 ಅಕ್ಟೋಬರ್ 2004

ಚಿ. ಧಾರಿಣಿಗೆ ಅಜ್ಜಿಯ ಆಶೀರ್ವಾದಗಳು.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ಒತ್ತಕ್ಷರ ತಿದ್ದಿದೆ, ಎರಡನೆಯ ಸಲ ಮ್ಯಾಗಿಗೆ ಬೈದೆ, ಮೂರನೆಯ ಸಲ ಅರ್ಥವಾಯಿತು. ನೀನು ಹೊಸದಾಗಿ ಏನೂ ಮಾಡುತ್ತಿಲ್ಲ ಮಗಳೇ, ಅದನ್ನು ನಾನು ಹತ್ತೊಂಬತ್ತನೆಯ ವಯಸ್ಸಿನಲ್ಲೇ ಮಾಡಿದ್ದೇನೆ.

ನಿನ್ನ ತಾತ ದೆಹಲಿಗೆ ಬಂದು ಕರೋಲ್ ಬಾಗಿನ ಹೋಟೆಲಿನಲ್ಲಿ ದೋಸೆಕಾವಲಿಯ ಮುಂದೆ ನಿಂತ ವರ್ಷ ನಾನಿನ್ನೂ ಊರಿನಲ್ಲಿದ್ದೆ. ಮಾವನವರಿಗೆ ಕಣ್ಣು ಹೋಗಿತ್ತು. ಮಗ ಎದುರಿಗೆ ಕೂತು ಉಂಡರೇ ಅವರು ಉಣ್ಣುವುದು. ಮಗ ದೆಹಲಿಗೆ ಹೋದನೆಂದು ಹೇಳಿದ ದಿನ ಎಲೆ ಮುಂದಿನಿಂದ ಎದ್ದರು. ಮರುದಿನವೂ ಎದ್ದರು. ಮೂರನೆಯ ದಿನ ನಾನು ಬಳೆ ಸದ್ದಾಗದಂತೆ ಸೆರಗಿನಲ್ಲಿ ಸುತ್ತಿಕೊಂಡು ಎದುರಿನ ಮಣೆಯ ಮೇಲೆ ಕೂತೆ. ನಿನ್ನ ತಾತ ಕೆಮ್ಮುವ ಹಾಗೆ ಕೆಮ್ಮಿದೆ. ಅವರು ಸೊರ ಸೊರ ಗಂಜಿ ಉಣ್ಣುವ ಹಾಗೆ ಉಂಡೆ. ಮುದುಕರು ಉಂಡರು. ಹತ್ತು ತಿಂಗಳು ಹೀಗೇ ನಡೆಯಿತು. ಒಂದು ದಿನ ಕೈ ತೊಳೆಯುವ ಮೊದಲು ಹೇಳಿದರು: “ಮಗಾ, ನಿನ್ನ ಹೆಂಡತಿ ಇನ್ನೂ ಉಂಡಿಲ್ಲ, ಅವಳಿಗೂ ಒಂದು ಎಲೆ ಹಾಕು.” ಅವರಿಗೆ ಎಂದಿನಿಂದ ಗೊತ್ತಿತ್ತೋ, ನಾನು ಕೇಳಲಿಲ್ಲ.

ಅದರಿಂದ ನಿನ್ನ ಸುಳ್ಳು ಟರ್ಮಿನಲ್ಲನ್ನು ನಾನು ಬೈಯುವುದಿಲ್ಲ. ಒಂದು ಮಾತು ಮಾತ್ರ ಕೇಳುತ್ತೇನೆ. ನಾನು ಕೂತದ್ದು ಖಾಲಿ ಮಣೆಯ ಮೇಲೆ. ನಿನ್ನ ಮಣೆಯ ಮೇಲೆ ಈಗಾಗಲೇ ಒಬ್ಬರು ಕೂತಿದ್ದಾರಲ್ಲ, ಆ ಜಾಣ ಆಪರೇಟರು. ನೀನು ಕೂತ ಮೇಲೆ ಅವರು ಎಲ್ಲಿ ಕೂರುತ್ತಾರೆ? ನಾಲ್ಕು ಪುಟ ಬರೆದವಳು ಅದನ್ನು ಬರೆಯಲಿಲ್ಲ.

ಹದಿನಾಲ್ಕನೆಯ ತಾರೀಖು ನಿನ್ನ ಚಿಕ್ಕಮ್ಮ ಬೆಳಿಗ್ಗೆ ಎದ್ದು ಹೆಸರುಬೇಳೆ ಪಾಯಸ ಮಾಡಿದಳು. ಏಕೆಂದು ಹೇಳಲಿಲ್ಲ. ಮೂರು ಲೋಟಕ್ಕೆ ಹಾಕಿ, ಎರಡನ್ನು ನಮ್ಮ ಮುಂದೆ ಇಟ್ಟು, ಮೂರನೆಯದನ್ನು ಕೆಳಮನೆಯ ವಾಸಂತಿಗೆ ಕೊಟ್ಟು ಬಸ್ಸಿಗೆ ಓಡಿದಳು. ಚಳಿ ಶುರುವಾಗುವ ಮೊದಲೇ ಅವಳ ಬೆರಳಿನ ಗೆಣ್ಣು ಬಾತುಕೊಂಡಿದೆ. ಎಣ್ಣೆ ಹಚ್ಚುತ್ತೇನೆ.

ಇಂತಿ,
ಅಜ್ಜಿ


ನೋಯ್ಡಾ
28 ನವೆಂಬರ್ 2004

ಅಜ್ಜಿ,

ದೀಪಾವಳಿಗೆ ಬರಲಿಲ್ಲ. ಕೆಲಸ ಇತ್ತು ಅಂತ ವಾಸಂತಿ ಆಂಟಿಯ ಫೋನಿನಲ್ಲಿ ಹೇಳಿಸಿದ್ದೆ. ಕೆಲಸ ಇತ್ತು, ಆದರೆ ಬರದಿದ್ದದ್ದು ಅದಕ್ಕಲ್ಲ.

ಹೋದ ತಿಂಗಳ ಕೊನೆಗೆ ರಜತ್ ಸರ್ ಪೂರ್ತಿ ದಾಖಲೆ ಕೊಟ್ಟರು. ತುಂಡಲ್ಲ, ಬೆಳಿಗ್ಗೆ ಲಾಗಿನ್ ಆದಾಗಿನಿಂದ ಸಂಜೆಯವರೆಗೆ, ಇಪ್ಪತ್ತೆರಡು ದಿನದ್ದು. ನಾಲ್ಕನೆಯ ಟರ್ಮಿನಲ್. ಪ್ರತಿ ದಿನ ಒಂಬತ್ತು ಹತ್ತಕ್ಕೆ, ಹಡಗಿಗೆ ಹೋಗುವ ಮೊದಲ ರಟ್ಟಿನ ಪೆಟ್ಟಿಗೆಯ ನಂಬರು ಹಾಕುವ ಮುಂಚೆ, ಇಂಗ್ಲಿಷಿನ ಏಳು ಅಕ್ಷರ ಬರುತ್ತದೆ. ಆಮೇಲೆ ಏಳು ಸಲ ಅಳಿಸಿದ್ದು. ಪರದೆಯ ಮುಂದೆ ನಿಂತವರಿಗೆ ಅದು ಕಾಣುವುದಿಲ್ಲ, ಅಳಿಸಿಹೋಗಿರುತ್ತದೆ. ದಾಖಲೆಯಲ್ಲಿ ಉಳಿದಿದೆ. ಆ ಏಳು ಅಕ್ಷರ ನನ್ನ ಹೆಸರು.

ಬೇರೆ ಯಾರೋ ಧಾರಿಣಿ ಇರಬಹುದು ಅಂದುಕೊಂಡೆ. ಒಂದು ದಿನ ಪೂರ್ತಿ ಹಾಗೇ ಅಂದುಕೊಂಡೆ. ಆಮೇಲೆ ಹೊತ್ತಿನ ಫೈಲು ನೋಡಿದೆ. ಎಲ್ಲ ದಿನ ಬರೆದ ಕೂಡಲೇ ಅಳಿಸಿದ್ದಾರೆ. ಅಕ್ಟೋಬರ್ ಹದಿನಾಲ್ಕರಂದು ಮಾತ್ರ ಅಳಿಸುವ ಮೊದಲು ನಾಲ್ಕು ನಿಮಿಷ ತಡೆದಿದ್ದಾರೆ. ಪಾಯಸದ ದಿನ, ನನ್ನ ಹುಟ್ಟಿದ ದಿನ.

ಅಜ್ಜಿ, ನನಗೆ ಮೊದಲೇ ಅನುಮಾನ ಇತ್ತು. ಬಟ್ಟೆ, ರಟ್ಟಿನ ಪೆಟ್ಟಿಗೆ, ಹಡಗು ಅಂತೆಲ್ಲ ಪರದೆಯಲ್ಲಿ ಬರುತ್ತಿತ್ತು. ಓಖ್ಲಾದಲ್ಲಿ ಅಂಥ ಕಾರ್ಖಾನೆ ನೂರಿದೆ ಅಂತ ಹೇಳಿಕೊಂಡೆ. ರಜತ್ ಸರ್‌ಗೆ ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದರು. ಅದಕ್ಕೇ ಕೇಳಲಿಲ್ಲ.

ಅವಳು ಯಾಕೆ ಹಾಗೆ ಬರೆಯುತ್ತಾಳೆ, ಗೊತ್ತಾ?

ಧಾರಿಣಿ


ರೋಹಿಣಿ
12 ಡಿಸೆಂಬರ್ 2004

ಧಾರಿಣಿ,

ಗೊತ್ತು. ಹತ್ತು ವರ್ಷದಿಂದ ಗೊತ್ತು. ಅವಳ ಕೀಬೋರ್ಡು ಹಳೆಯದು, ಚಳಿಯಲ್ಲಿ ಒಂದೊಂದು ದಿನ ಒಂದೊಂದು ಕೀಲಿ ಅಂಟಿಕೊಳ್ಳುತ್ತದೆ. ಕೆಲಸಕ್ಕೆ ಮೊದಲು ಏನಾದರೂ ಬರೆದು ನೋಡಬೇಕು. ಬೇರೆಯವರು ಒಂದು ಎರಡು ಮೂರು ಎಂದು ಒತ್ತುತ್ತಾರಂತೆ. ಇವಳ ಬೆರಳಿಗೆ ಬರುವುದು ನಿನ್ನ ಹೆಸರು. “ಅವಳಿಗೆ ಹೇಳಬೇಡಮ್ಮಾ, ನಗುತ್ತಾಳೆ” ಎಂದಿದ್ದಳು.

ನಿನ್ನ ಅಕ್ಟೋಬರದ ಕಾಗದ ಓದಿದಾಗಲೇ ಇದು ಅವಳ ಮಣೆಯೆಂದು ನನಗೆ ಅನ್ನಿಸಿತ್ತು. ನಾಲ್ಕನೆಯ ಕ್ಲಾಸು ಓದಿದವಳಿಗೆ ಕಂಡದ್ದು ಕಾಲೇಜು ಓದಿದವಳಿಗೆ ಕಾಣಲಿಲ್ಲವೆಂದರೆ ಅದು ಕಣ್ಣಿನ ದೋಷವಲ್ಲ. ನೀನಾಗಿಯೇ ನೋಡಲಿ ಎಂದು ಸುಮ್ಮನಿದ್ದೆ.

ಅವಳಿಗೆ ಈಗಲೂ ತಿಳಿದಿಲ್ಲ. ಹೊಸಬರಿಗೆ ಏನೇನು ಹೇಳಬೇಕೆಂದು ಹಳೆಯ ಕ್ಯಾಲೆಂಡರಿನ ಹಿಂದೆ ಬರೆದುಕೊಳ್ಳುತ್ತಿದ್ದಾಳೆ. ಮೊನ್ನೆ ಒಲೆಯ ಮುಂದೆ ನಿಂತು ಕುಕ್ಕರಿಗೆ ಹಿಂದಿಯಲ್ಲಿ ಪಾಠ ಹೇಳುತ್ತಿದ್ದಳು: “ದೇಖೋ ಬೇಟಾ, ಜಲ್ದಿ ಮತ್ ಕರೋ, ಪೆಹಲೇ ಸ್ಕ್ರೀನ್ ಕೋ ಸಾಂಸ್ ಲೇನೇ ದೋ.” ಆತುರಪಡಬೇಡ, ಪರದೆಗೂ ಉಸಿರಾಡಲು ಬಿಡು ಎಂದು. ತುಟಿ ನೋಡಿ ತಿಳಿದುಕೊಂಡೆ. ಕುಕ್ಕರು ಕೂಗಿತು, ಅವಳು “ಶಾಬಾಶ್” ಅಂದಳು. ನನಗೆ ನಗುವುದಕ್ಕೆ ಆಗಲಿಲ್ಲ.

ಕೆಲಸ ನಿಲ್ಲಿಸು ಎಂದು ನಾನು ಹೇಳುವುದಿಲ್ಲ. ನೀನು ಬಿಟ್ಟರೆ ಇನ್ನೊಬ್ಬರು ಬರೆಯುತ್ತಾರೆ, ಅಷ್ಟು ಲೋಕ ನಾನೂ ನೋಡಿದ್ದೇನೆ. ಆದರೆ ಕಾರ್ಖಾನೆಯ ಮ್ಯಾನೇಜರನ ಬಾಯಿಂದ ಅವಳು ಕೇಳಬಾರದು. ನೀನು ಬಾ. ಅವಳ ಎದುರಿಗೆ ಕೂತು, ಚಿಕ್ಕಮ್ಮಾ, ನಿನ್ನ ಜಾಗಕ್ಕೆ ಬರುತ್ತಿರುವುದನ್ನು ಬರೆದವಳು ನಾನು ಎಂದು ಹೇಳು. ಅವಳು ಹೊಡೆದರೆ ಹೊಡೆಸಿಕೋ. ನಾನು ಪಕ್ಕದಲ್ಲಿ ಇರುತ್ತೇನೆ, ಏನೂ ಕೇಳಿಸುವುದಿಲ್ಲ.

ಬರುವ ಭಾನುವಾರ ಅಕ್ಕಿ ಜಾಸ್ತಿ ಹಾಕುತ್ತೇನೆ.

ಅಜ್ಜಿ


ನೋಯ್ಡಾ
16 ಜನವರಿ 2005

ಅಜ್ಜಿ,

ಐದು ಭಾನುವಾರ ನೀನು ಅಕ್ಕಿ ಜಾಸ್ತಿ ಹಾಕಿರುತ್ತೀ. ಒಂದು ಭಾನುವಾರ ಮೆಟ್ರೋದಲ್ಲಿ ರೋಹಿಣಿಯವರೆಗೆ ಬಂದೆ. ಸ್ಟೇಷನ್ನಿನಲ್ಲಿ ಇಳಿದು, ಎದುರು ಪ್ಲಾಟ್‌ಫಾರ್ಮಿನಿಂದ ವಾಪಸು ಹತ್ತಿದೆ. ಮಂಜಿತ್ತು ಅಂತ ಬರೆಯೋಣ ಅಂದುಕೊಂಡಿದ್ದೆ. ಮಂಜೂ ಇತ್ತು.

ರಜತ್ ಸರ್‌ಗೆ ಹೇಳಿದೆ, ಇದು ನನ್ನ ಚಿಕ್ಕಮ್ಮನ ಟರ್ಮಿನಲ್ ಅಂತ. ಅವರು ಒಳ್ಳೆಯವರೇ. “ಅಚ್ಛಾ... ನೀನು ಬೇಡ ಅಂದರೆ ಬೇರೆಯವರಿಗೆ ಕೊಡುತ್ತೇನೆ, ತಾರೀಖು ಬದಲಾಗಲ್ಲ” ಅಂದರು. ಬೇರೆಯವರು ಅವಳ ದಾಖಲೆಯನ್ನು ಕೂತು ಓದುವುದು ನನಗೆ ಬೇಡವಾಯಿತು. ನಾನೇ ಮುಗಿಸಿದೆ.

ಒಂದು ಸಂಗತಿ ಹೇಳಬೇಕು. ನಾಚಿಕೆಯಿಂದ ನಾನು ಮೊದಲು ಆ ಏಳು ಅಕ್ಷರ ತೆಗೆದುಹಾಕಿದ್ದೆ. ಲಾಗಿನ್ ಆದ ಕೂಡಲೇ ಪೆಟ್ಟಿಗೆಯ ನಂಬರು ಕಳಿಸಿದೆ. ಮೊದಲ ಅಂಕೆಗಳು ಪ್ರತಿ ಸಲ ಕಾಣೆ. ಎರಡು ದಿನ ಹುಡುಕಿದೆ. ಹಳೆಯ ಪ್ರೋಗ್ರಾಂ ಎದ್ದು ಸರಿಯಾಗಿ ಕೂರುವ ಮೊದಲು, ಅದುವರೆಗೆ ಬಂದ ಅಕ್ಷರವನ್ನೆಲ್ಲ ಚೆಲ್ಲಿಬಿಡುತ್ತದೆ. ಚಿಕ್ಕಮ್ಮ ನನ್ನ ಹೆಸರು ಬರೆದು ಅಳಿಸುವಷ್ಟರಲ್ಲಿ ಆ ಹೊತ್ತು ಕಳೆದಿರುತ್ತಿತ್ತು. ಹದಿನೆಂಟು ವರ್ಷ ಒಂದೂ ನಂಬರು ತಪ್ಪದಿದ್ದದ್ದಕ್ಕೆ ಅದೂ ಒಂದು ಕಾರಣ. ಅವಳಿಗೂ ಇದು ಗೊತ್ತಿರಲಿಕ್ಕಿಲ್ಲ.

ಎರಡು ಸೆಕೆಂಡು ಕಾಯಿ ಅಂತ ಒಂದು ಸಾಲು ಬರೆದಿದ್ದರೂ ಸಾಕಿತ್ತು. ನಾನು ಹೆಸರನ್ನೇ ವಾಪಸು ಇಟ್ಟೆ. ಅವಳು ಬರೆಯುವಷ್ಟೇ ನಿಧಾನವಾಗಿ ಬರೆಯುತ್ತದೆ, ಅಳಿಸುತ್ತದೆ. ಅಲ್ಲಿ ಅವಳದು ಅಂತ ಏನಾದರೂ ಉಳಿಯಲಿ ಅಂತ.

ಇಪ್ಪತ್ತನಾಲ್ಕಕ್ಕೆ, ಸೋಮವಾರ, ಕಾರ್ಖಾನೆಯಲ್ಲಿ ಎಲ್ಲರ ಮುಂದೆ ಓಡಿಸಿ ತೋರಿಸುತ್ತಾರೆ. ರಜತ್ ಸರ್ ನನ್ನನ್ನೂ ಕರೆದರು. ಜ್ವರ ಅಂತ ಹೇಳಿದ್ದೇನೆ. ಜ್ವರ ಇಲ್ಲ.

ನೀನೇ ಹೇಳುತ್ತೀಯಾ ಅಜ್ಜಿ, ಅವಳಿಗೆ?

ಧಾರಿಣಿ


ರೋಹಿಣಿ
8 ಫೆಬ್ರವರಿ 2005

ಧಾರಿಣಿ,

ನಿನ್ನ ಕಾಗದ ಇಪ್ಪತ್ತನೆಯ ತಾರೀಖು ಬಂತು. ಅಕ್ಕಿ ಡಬ್ಬಿಯೊಳಗೆ ಇಟ್ಟೆ. ನಾಲ್ಕು ದಿನವಿತ್ತು. ದಿನಾ ಅವಳ ಬೆರಳಿಗೆ ಎಣ್ಣೆ ಹಚ್ಚುವಾಗ ಹೇಳಬೇಕೆಂದು ಬಾಯಿ ತೆರೆದೆ, ಬೇರೆ ಏನೋ ಹೇಳಿದೆ. ಯಾರಿಗೂ ಹೆದರದ ನಾಲಿಗೆ ಎಂದು ನನ್ನನ್ನು ಹೇಳುತ್ತೀರಲ್ಲ, ಅದು ಕೈ ಕೊಟ್ಟಿತು. ಕೊನೆಯ ಗಳಿಗೆಗೆ ನೀನೇ ಬಾಗಿಲು ತಟ್ಟುತ್ತೀಯೆಂದು ಕಾದೆ. ಆ ತಪ್ಪು ನನ್ನದು, ನಿನ್ನ ಲೆಕ್ಕಕ್ಕೆ ಹಾಕುವುದಿಲ್ಲ. ನಿನ್ನದೇ ನಿನಗೆ ಸಾಕಷ್ಟಿದೆ.

ಸೋಮವಾರ ಅವಳು ನೀಲಿ ಸೀರೆ ಉಟ್ಟಳು. ಹೊಸಬರು ಬರುತ್ತಾರೆಂದು ಒಂದು ಡಬ್ಬಿ ಕೋಡುಬಳೆ ಕಟ್ಟಿಕೊಂಡು ಹೋದಳು. ಸಂಜೆ ಡಬ್ಬಿ ತುಂಬಿದ ಹಾಗೆಯೇ ವಾಪಸು ಬಂತು.

ಚಪ್ಪಲಿ ಬಿಚ್ಚದೆ ಬಂದು ನನ್ನ ಬಲಗಿವಿಯ ಹತ್ತಿರ ಕೂತಳು. “ಅಮ್ಮಾ, ಹೊಸ ಕಂಪ್ಯೂಟರ್ ಇಟ್ಟಿದ್ದರು. ಎಲ್ಲರನ್ನೂ ಸುತ್ತ ನಿಲ್ಲಿಸಿದರು. ಯಾರೂ ಕೀಬೋರ್ಡ್ ಮುಟ್ಟಲಿಲ್ಲ. ಮೊದಲು ಅವಳ ಹೆಸರು ಬಂತು” ಅಂದಳು.

ಅವಳ ಕೈಯಿಂದ ಕೋಡುಬಳೆಯ ಡಬ್ಬಿ ತೆಗೆದು ಪಕ್ಕಕ್ಕಿಟ್ಟೆ.

“ಆಮೇಲೆ ಒಂದೊಂದೇ ಅಕ್ಷರ ಹೋಯಿತು. ಮ್ಯಾನೇಜರು ‘ಯೇ ಕ್ಯಾ ಥಾ’, ಇದೇನಿತ್ತು ಅಂದರು. ಅದನ್ನು ತಂದಿದ್ದ ಹುಡುಗ ‘ಟೆಸ್ಟಿಂಗ್ ಹೈ ಸರ್’ ಅಂದ. ನಾನು ಅಲ್ಲಿಗೇ ತಿಳಿದುಕೊಂಡೆ, ಯಾರು ಮಾಡಿದ್ದು ಅಂತ.” ಚಪ್ಪಲಿ ಬಿಚ್ಚಿದಳು. “ಪೆಟ್ಟಿಗೆ ನಂಬರಿನ ಹತ್ತಿರ ನಾನು ನಿಲ್ಲುತ್ತೇನಲ್ಲ, ಅಲ್ಲೇ ನಿಂತಿತು. ನಾನು ಓಡುವ ಕಡೆ ಓಡಿತು. ಇಷ್ಟು ಗಮನ ಇಟ್ಟು ನನ್ನನ್ನು ಯಾರೂ ಯಾವತ್ತೂ ನೋಡಿರಲಿಲ್ಲಮ್ಮಾ. ಎದುರಿಗೆ ಬಂದು ಒಂದು ಸಲ ನೋಡಲಿಲ್ಲ, ಅಷ್ಟೆ.”

ಆಗ ಅಕ್ಕಿ ಡಬ್ಬಿಯಿಂದ ನಿನ್ನ ಕಾಗದ ತೆಗೆದು ಕೊಟ್ಟೆ. ಓದಿದಳು. ಮಡಚಿ ನನ್ನ ಮಡಿಲಲ್ಲಿಟ್ಟು, “ನಿನಗೂ ಗೊತ್ತಿತ್ತು” ಅಂದಳು. ಅದಾದ ಮೇಲೆ ನನ್ನ ಕಿವಿಗೆ ಬಾಯಿ ತಂದಿಲ್ಲ. ತಿಂಡಿ ಕೊಡುತ್ತಾಳೆ, ಮಾತ್ರೆ ಕೊಡುತ್ತಾಳೆ. ಜನವರಿ ಮೂವತ್ತೊಂದಕ್ಕೆ ಅವಳ ಕೆಲಸ ಮುಗಿಯಿತು. ಹೂವಿನ ಹಾರ ಹಾಕಿ ಕಳಿಸಿದರು. ಅದನ್ನು ಬಸ್ಸಿನಲ್ಲಿ ಬಿಟ್ಟು ಬಂದಳು.

ನೀನು ಬರೆದೆ, ಅಲ್ಲಿ ಅವಳದು ಏನಾದರೂ ಉಳಿಯಲಿ ಎಂದು. ಏನು ಉಳಿಸಿದೆ? ಆ ಹೆಸರನ್ನು ಅವಳು ಬರೆದದ್ದು ಕೀಲಿ ನೋಡುವುದಕ್ಕೆ ಇರಬಹುದು, ನಿನ್ನನ್ನು ನೆನೆಯುವುದಕ್ಕೂ ಇರಬಹುದು, ಅದು ಅವಳ ಬೆರಳಿನದು. ಅದನ್ನು ತೆಗೆದು ಯಂತ್ರದ ಬಾಯಿಗೆ ಹಾಕಿ, ಪಾಪ ಕಳೆಯಿತು ಎಂದುಕೊಂಡೆಯಾ? ನಾನು ಮಾವನವರ ಮುಂದೆ ಹತ್ತು ತಿಂಗಳು ಸುಳ್ಳು ಕೆಮ್ಮು ಕೆಮ್ಮಿದೆ, ಒಪ್ಪುತ್ತೇನೆ. ಆದರೆ ಧಾರಿಣಿ, ಅಲ್ಲಿ ಕೂತು ಉಂಡವಳು ನಾನೇ. ಜ್ವರದ ಸುಳ್ಳು ಹೇಳಿ ಕೆಮ್ಮನ್ನು ಮಾತ್ರ ಕಳಿಸಲಿಲ್ಲ.

ಆ ನಿನ್ನ ಹಳೆಯ ಪ್ರೋಗ್ರಾಮಿಗಾದರೂ ಎದುರಿನವರು ಎದ್ದು ಹೋದರೆ ತಿಳಿಯುತ್ತದೆ ಎಂದಿದ್ದೆ. ಇವಳಿಗೆ ಇನ್ನೂ ತಿಳಿದಿಲ್ಲ, ಎದ್ದು ಹೋದದ್ದು ತಾನೇ ಎಂದು. ಈಗಲೂ ಬೆಳಿಗ್ಗೆ ಅದೇ ಹೊತ್ತಿಗೆ ಏಳುತ್ತಾಳೆ, ಸ್ನಾನ ಮಾಡಿ ಸೀರೆ ಉಡುತ್ತಾಳೆ, ಊಟದ ಡಬ್ಬಿ ಕಟ್ಟುತ್ತಾಳೆ. ಆಮೇಲೆ ಡಬ್ಬಿಯನ್ನು ಮುಂದಿಟ್ಟುಕೊಂಡು ಊಟದ ಮೇಜಿನ ಹತ್ತಿರ ಕೂರುತ್ತಾಳೆ. ನಿನ್ನೆ ನಾನು ಎದುರಿಗೆ ಕೂತು ಬೇಳೆ ಆರಿಸುತ್ತಿದ್ದೆ. ಗಡಿಯಾರದಲ್ಲಿ ಒಂಬತ್ತು ಹತ್ತು. ನನ್ನ ಕಿವಿಗೆ ಏನು ಕೇಳುತ್ತದೆ? ಆದರೆ ನನ್ನ ಅಂಗೈ ಮೇಜಿನ ಮೇಲಿತ್ತು, ಅವಳ ಬೆರಳಿನ ಬಡಿತ ಮರದೊಳಗಿನಿಂದ ಬಂತು. ಬೇರೆ ಬೇರೆ ಬೆರಳಿನಿಂದ ಏಳು ಸಲ. ನಾನು ಬೇಳೆ ಬಿಟ್ಟು ಕಾದೆ. ಇನ್ನು ಒಂದೇ ಬೆರಳು ಏಳು ಸಲ ಬಡಿಯಬೇಕು, ಅಳಿಸುವುದಕ್ಕೆ.

ಅದು ಬರಲಿಲ್ಲ. ಅವಳ ಕೈ ಮೇಜಿನ ಮೇಲೆ ಹಾಗೇ ಇತ್ತು. ಬೇಳೆ ಆರಿಸಿ ಮುಗಿಯುವವರೆಗೂ ಹಾಗೇ ಇತ್ತು.

ನನಗೆ ಇನ್ನು ಬರೆಯಬೇಡ. ನನ್ನ ಹೆಸರಿಗೆ ಬಂದ ಕಾಗದವನ್ನು ಒಡೆಯುವುದಿಲ್ಲ, ಅಕ್ಕಿ ಡಬ್ಬಿಗೆ ಹಾಕುತ್ತೇನೆ. ಅವಳ ಹೆಸರಿಗೆ ಬರೆ. ಅಕ್ಟೋಬರದಲ್ಲಿ ‘ಚಿಕ್ಕಮ್ಮನಿಗೆ’ ಎಂದು ಹಾಕಿ ಬಿಟ್ಟೆಯಲ್ಲ, ಅಲ್ಲಿಂದ ಶುರು ಮಾಡು. ಒತ್ತಕ್ಷರ ತಪ್ಪಿದರೆ ತಪ್ಪಲಿ, ಒಂದು ಅಕ್ಷರವನ್ನೂ ಹೊಡೆದುಹಾಕಬೇಡ, ಎಲ್ಲ ಅವಳಿಗೆ ಕಾಣಲಿ. ಮಾರ್ಚ್ ಹುಟ್ಟುವ ಮೊದಲು ಅದು ಈ ಮೇಜಿನ ಮೇಲೆ ಇರಬೇಕು. ತಂದು ಕೊಡುವವನು ಅಂಚೆಯವನಾಗದೆ ನೀನೇ ಆದರೆ, ಬಾಗಿಲು ತೆರೆದೇ ಇರುತ್ತದೆ.

ಇಂತಿ,
ನಿನ್ನ ಅಜ್ಜಿ